ಫೋನಿನ ಮೊದಲ ದಿನ, ಫೋನಿನ ಮೂರನೇ ವರ್ಷ

2025ರ ಕೊನೆಯಿಂದ ಫೋನ್‌ಗಳ ಬಗ್ಗೆ ಎರಡು ಸುದ್ದಿ ಒಟ್ಟೊಟ್ಟಿಗೆ ಓಡಾಡುತ್ತಿವೆ. ಇನ್ನು ಮುಂದೆ ಬರುವ ಫೋನ್‌ಗಳ ಬೆಲೆ ಏರುತ್ತದೆ, ಬೆಲೆ ಏರದಿದ್ದರೆ ಆ್ಯಪ್‌ಗಳು ಓಡಲು ಬೇಕಾದ ಒಳಗಿನ ಮೆಮೊರಿ, ಅಂದರೆ ರ‍್ಯಾಮ್ ಕಡಿಮೆಯಾಗುತ್ತದೆ ಅನ್ನುವುದು ಒಂದು. 2027ರಿಂದ ಯುರೋಪಿನಲ್ಲಿ ಬ್ಯಾಟರಿ ಬಿಚ್ಚಿ ಹಾಕುವ ಫೋನ್ ವಾಪಸ್ ಬರುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಓದಿದವರಿಗೆ ಬೇಸರ, ಎರಡನೆಯದನ್ನು ಓದಿದವರಿಗೆ ಆಸೆ. ಎರಡನ್ನೂ ಓದಿದವರಿಗೆ ಗೊಂದಲ.

ಈ ಗೊಂದಲಕ್ಕೆ ಕಾರಣವಿದೆ. ಎಲೆಕ್ಟ್ರಾನಿಕ್ ವಸ್ತು ವರ್ಷ ಕಳೆದಂತೆ ಅಗ್ಗವಾಗಬೇಕು ಅಲ್ವಾ? ಹಾಗೆಂದೇ ನಾವೆಲ್ಲ ನಂಬಿದ್ದೇವೆ. ಇನ್ನೂ ಒಂದು ಪ್ರಶ್ನೆ ಇದೆ. ಹತ್ತು ವರ್ಷದಿಂದ ಜನ ಕೇಳುತ್ತಿರುವುದು ಹೆಚ್ಚೂಕಡಿಮೆ ಅದನ್ನೇ: ಬ್ಯಾಟರಿ ಜಾಸ್ತಿ ಹೊತ್ತು ಬರಲಿ, ಕೆಟ್ಟರೆ ಸುಲಭವಾಗಿ ರಿಪೇರಿಯಾಗಲಿ, ಇಯರ್‌ಫೋನ್ ಜಾಕ್ ಇರಲಿ, ಮೆಮೊರಿ ಕಾರ್ಡ್ ಹಾಕಲು ಜಾಗ ಇರಲಿ, ಅಪ್‌ಡೇಟ್ ಬೇಗ ನಿಲ್ಲದಿರಲಿ, ಒಂದೇ ಕೈಯಲ್ಲಿ ಹಿಡಿಯುವಂತಿರಲಿ. ಸಿಗುತ್ತಿರುವುದು ಇನ್ನಷ್ಟು ತೆಳುವಾದ ಫೋನ್ ಮತ್ತು ಎಐ. ಹಾಗಾದರೆ ಜನರ ಮಾತು ಕಂಪನಿಗಳ ಕಿವಿಗೆ ಬೀಳುವುದೇ ಇಲ್ಲವೇ?

ಬೀಳುತ್ತದೆ. ಕೆಲವು ದೂರುಗಳಿಗೆ ಉತ್ತರವೂ ಸಿಕ್ಕಿದೆ. ಯಾವುದಕ್ಕೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂದು ನೋಡಿದರೆ ಇಡೀ ವಿಷಯ ಬಿಡಿಸಿಕೊಳ್ಳುತ್ತದೆ.

ದೂರು ಹುಟ್ಟುವ ಹೊತ್ತು

ಒಂದು ಫೋನಿನ ಆಯಸ್ಸಿನಲ್ಲಿ ಎರಡು ಘಟ್ಟಗಳು ಮುಖ್ಯ. ಕೊಳ್ಳುವ ದಿನ ಒಂದು. ಆವತ್ತು ಕಣ್ಣಿಗೆ ಬೀಳುವುದು ಪರದೆಯ ಹೊಳಪು, ಕ್ಯಾಮೆರಾ, ಕೈಯಲ್ಲಿ ಹಿಡಿದಾಗಿನ ತೂಕ, ಬೆಲೆ. ಇನ್ನೊಂದು ಘಟ್ಟ ಸುಮಾರು ಮೂರನೇ ವರ್ಷದ್ದು. ಆ ಹೊತ್ತಿಗೆ ಸಂಜೆಯಾಗುವುದರೊಳಗೆ ಬ್ಯಾಟರಿ ಮುಗಿಯುತ್ತದೆ. ಚಾರ್ಜರ್‌ನ ಪಿನ್ ಸರಿಯಾಗಿ ಕೂರುವುದಿಲ್ಲ. ಸ್ಟೋರೇಜ್ ತುಂಬಿದೆ ಎಂಬ ಸೂಚನೆ ಮತ್ತೆ ಮತ್ತೆ ಬರುತ್ತದೆ. ಹೊಸ ಆ್ಯಪ್ ಹಾಕಲು ಹಳೆಯ ಫೋಟೊ ಅಳಿಸಬೇಕಾಗುತ್ತದೆ.

ಜನರ ದೂರುಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬ್ಯಾಟರಿ, ರಿಪೇರಿ, ಮೆಮೊರಿ ಕಾರ್ಡ್, ಅಪ್‌ಡೇಟ್: ಬಹುಪಾಲು ಮೂರನೇ ವರ್ಷದ ನೋವುಗಳು. ಕಂಪನಿಗೆ ದುಡ್ಡು ಬರುವುದು ಮೊದಲ ದಿನ. ಹಾಗಾಗಿ ಫೋನ್ ರೂಪಿಸುವವರ ಗಮನವೆಲ್ಲ ಆ ದಿನದ ಮೇಲೆ ಇರುತ್ತದೆ. ಇದರಲ್ಲಿ ಯಾರದೋ ಪಿತೂರಿ ಹುಡುಕಬೇಕಿಲ್ಲ. ಎರಡು ಫೋನ್ ಅಕ್ಕಪಕ್ಕ ಇಟ್ಟು ನೋಡುವಾಗ ನಾವೂ ತೆಳುವಾದದ್ದನ್ನೇ ಎತ್ತಿಕೊಳ್ಳುತ್ತೇವೆ. ಮೂರು ವರ್ಷದ ನಂತರ ಯಾವುದರ ಬ್ಯಾಟರಿ ಚೆನ್ನಾಗಿರುತ್ತದೆ ಎಂದು ಅಲ್ಲಿ ತಿಳಿಯುವ ದಾರಿಯೇ ಇರಲಿಲ್ಲ.

ರ‍್ಯಾಮ್ ದುಬಾರಿಯಾದದ್ದು ಹೇಗೆ

ಮೊದಲು ಬೆಲೆಯ ಸುದ್ದಿ. ಫೋನ್, ಲ್ಯಾಪ್‌ಟಾಪ್, ಗೇಮ್ ಆಡುವ ಯಂತ್ರ, ಎಲ್ಲದರ ಒಳಗೂ ಈ ಮೆಮೊರಿಯಾಗಿ ಕೆಲಸ ಮಾಡುವ ಡಿ-ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲನ್ನು ತಯಾರಿಸುವುದು ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್. ಎಐ ಕೆಲಸಕ್ಕೆ ಕಟ್ಟುವ ದೊಡ್ಡ ಡೇಟಾ ಸೆಂಟರ್‌ಗಳಿಗೂ ಮೆಮೊರಿ ಬೇಕು. ಅವು ಕೇಳುವುದು ಎಚ್‌ಬಿಎಂ ಎಂಬ ಬೇರೆ ಬಗೆಯದನ್ನು. ಚಿಪ್‌ಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಸಣ್ಣ ಸಣ್ಣ ತೂತು ಕೊರೆದು ತಂತಿಯಂತೆ ಜೋಡಿಸಿ ಮಾಡುವ ಮೆಮೊರಿ ಅದು. ಅಷ್ಟೇ ಗಿಗಾಬೈಟ್ ಎಚ್‌ಬಿಎಂ ಮಾಡಲು ಸಾಮಾನ್ಯ ರ‍್ಯಾಮ್‌ಗಿಂತ ಸುಮಾರು 3 ಪಟ್ಟು ಸಿಲಿಕಾನ್ ಬಿಲ್ಲೆ (ಚಿಪ್‌ಗಳನ್ನು ಕೆತ್ತುವ ತೆಳು ತಟ್ಟೆ) ಬೇಕಾಗುತ್ತದೆ. ಲಾಭವೂ ಅದರಲ್ಲೇ ಜಾಸ್ತಿ.

ಒಂದೇ ಗದ್ದೆಯಲ್ಲಿ ಎರಡು ಬೆಳೆ ಇಟ್ಟಂತೆ ಇದು. ಒಂದು ಬೆಳೆಗೆ ಒಳ್ಳೆಯ ಬೆಲೆ ಬಂದರೆ ಇನ್ನೊಂದಕ್ಕೆ ಉಳಿಯುವ ಜಾಗ ಕುಗ್ಗುತ್ತದೆ. ಹೊಸ ಕಾರ್ಖಾನೆ ಕಟ್ಟೋಣವೆಂದರೆ ಅದಕ್ಕೆ ವರ್ಷಗಳೇ ಬೇಕು. 2022-23ರಲ್ಲಿ ಮೆಮೊರಿ ಬೆಲೆ ಕುಸಿದು ಇದೇ ಕಂಪನಿಗಳು ದೊಡ್ಡ ನಷ್ಟ ಅನುಭವಿಸಿ ಉತ್ಪಾದನೆ ತಗ್ಗಿಸಿದ್ದವು. ಆ ನೆನಪು ಇನ್ನೂ ಹಸಿಯಾಗಿದೆ. ಹಾಗಾಗಿ ಈಗ ಬೇಡಿಕೆ ಏರಿದೆ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಕಾರ್ಖಾನೆ ಕಟ್ಟಲು ಅವು ಸಿದ್ಧವಿಲ್ಲ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯವಹಾರದಿಂದಲೇ ಹೊರಬರುವುದಾಗಿ ಹೇಳಿತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಅದೊಂದೇ ಸಾಕು.

ಹೊಡೆತ ಜಾಸ್ತಿ ಬೀಳುವುದು ಕಡಿಮೆ ಬೆಲೆಯ ಫೋನ್‌ಗಳ ಮೇಲೆ. ದುಬಾರಿ ಫೋನಿನಲ್ಲಿ ಕ್ಯಾಮೆರಾ, ಪರದೆ, ಪ್ರೊಸೆಸರ್‌ಗಳ ಖರ್ಚೇ ದೊಡ್ಡದು, ಮೆಮೊರಿ ಅದರಲ್ಲೊಂದು ಪಾಲು. ಅಗ್ಗದ ಫೋನಿನಲ್ಲಿ ಬೇರೆಲ್ಲವೂ ಅಗ್ಗ, ಮೆಮೊರಿಯ ಪಾಲೇ ದೊಡ್ಡದು. ಅದರ ಬೆಲೆ ಏರಿದರೆ ನುಂಗಿಕೊಳ್ಳಲು ಅಲ್ಲಿ ಲಾಭವೇ ಉಳಿದಿರುವುದಿಲ್ಲ. ಆಗ ಕಂಪನಿಯ ಮುಂದೆ ಮೂರು ದಾರಿ: ಬೆಲೆ ಏರಿಸುವುದು, ರ‍್ಯಾಮ್ ಇಳಿಸುವುದು, ಇಲ್ಲವೇ ಆ ಮಾಡೆಲ್ಲನ್ನೇ ಬಿಡುವುದು. ಎರಡನೆಯ ದಾರಿ ಕೊಳ್ಳುವವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಕಡಿಮೆ ರ‍್ಯಾಮ್ ಇರುವ ಫೋನ್ ಕೂಡ ಮೊದಲ ದಿನ ಚುರುಕಾಗಿಯೇ ಓಡುತ್ತದೆ. ಆ್ಯಪ್‌ಗಳು ವರ್ಷವರ್ಷವೂ ದಪ್ಪಗಾಗುತ್ತವೆ. ಫೋನ್ ತಿಣುಕಾಡಲು ಶುರುಮಾಡುವುದು ಮೂರನೇ ವರ್ಷದಲ್ಲಿ.

ಎಐ ಯಾರಿಗಾಗಿ

ಇದೇ ಹೊತ್ತಿಗೆ ಫೋನಿನೊಳಗೂ ಎಐ ಬಂದು ಕೂತಿದೆ. ಅದಕ್ಕೂ ರ‍್ಯಾಮ್ ಬೇಕು, ಕಡಿಮೆಯಲ್ಲಿ ಆಗುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 15ರಲ್ಲಿ ಇದ್ದದ್ದು 6 ಜಿಬಿ ರ‍್ಯಾಮ್. ಮರುವರ್ಷವೇ ಬಂದ ಆಪಲ್ ಇಂಟೆಲಿಜೆನ್ಸ್ (ಆಪಲ್‌ನ ಎಐ ಸೌಲಭ್ಯಗಳ ಗುಂಪು) ಅದರಲ್ಲಿ ಓಡಲಿಲ್ಲ. ಆ ಸರಣಿಯಲ್ಲಿ 8 ಜಿಬಿ ಇದ್ದ 15 ಪ್ರೊ ಮಾಡೆಲ್‌ಗಳಿಗೆ ಮಾತ್ರ ಸಿಕ್ಕಿತು. ವರ್ಷದ ಹಿಂದೆ ಕೊಂಡ ಹೊಸ ಫೋನ್ ಆ ದಿನ ಹಳೆಯದಾಯಿತು.

ಎಐ ಬೇಡ ಎನ್ನುವವರಿಗಿಂತ, ಹೇಳಿದ್ದನ್ನು ಕೊಡಿ ಎನ್ನುವವರ ದೂರು ಹೆಚ್ಚು ತೂಕದ್ದು. ಮಾತಿನ ಹಿಂದುಮುಂದು ಅರ್ಥಮಾಡಿಕೊಳ್ಳುವ ಹೊಸ ಸಿರಿಯನ್ನು (ಐಫೋನಿನ ಧ್ವನಿ ಸಹಾಯಕ) ಆಪಲ್ 2024ರ ಜೂನ್‌ನಲ್ಲಿ ತೋರಿಸಿತು, ಜಾಹೀರಾತನ್ನೂ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಅದು ತಡವಾಗುತ್ತದೆ ಎಂದು ಒಪ್ಪಿಕೊಂಡು ಜಾಹೀರಾತು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಆ ಭರವಸೆಯನ್ನು ನಂಬಿ ಫೋನ್ ಕೊಂಡವರು ಕೊಂಡಾಗಿತ್ತು. ನಾಳೆ ಬರುವ ಸೌಲಭ್ಯಕ್ಕೆ ಇವತ್ತೇ ದುಡ್ಡು ತೆಗೆದುಕೊಳ್ಳುವ ಈ ರೂಢಿ ಸರಿಯಲ್ಲ. ಯಾವ ಕಂಪನಿ ಮಾಡಿದರೂ ಸರಿಯಲ್ಲ.

ಕಂಪನಿಗಳ ಕಡೆಯ ಮಾತನ್ನೂ ಕೇಳಬೇಕು. ಕ್ಯಾಮೆರಾ, ಪರದೆ, ವೇಗ ಎಲ್ಲವೂ ಸಾಕೆನಿಸುವ ಮಟ್ಟಕ್ಕೆ ಬಂದಿವೆ, ಜನ ಫೋನ್ ಬದಲಿಸುವುದನ್ನು ಮುಂದೂಡುತ್ತಿದ್ದಾರೆ, ಹೊಸದೇನಾದರೂ ಇದ್ದರೆ ಅದು ಎಐ ಮಾತ್ರ ಎಂಬುದು ಅವರ ಲೆಕ್ಕ. ಸಾಧನದೊಳಗೇ ಎಐ ಓಡಿದರೆ ನಮ್ಮ ಮಾಹಿತಿ ಹೊರಗೆ ಹೋಗುವುದು ಕಡಿಮೆಯಾಗುತ್ತದೆ ಎಂಬ ಮಾತಿನಲ್ಲೂ ಹುರುಳಿದೆ. ಆದರೆ ಫೋನಿನ ಹೊರಗಿನ ಎಐ ರ‍್ಯಾಮನ್ನು ದುಬಾರಿ ಮಾಡುತ್ತಿದೆ, ಒಳಗಿನ ಎಐ ಇನ್ನಷ್ಟು ರ‍್ಯಾಮ್ ಕೇಳುತ್ತಿದೆ. ಎರಡರ ಬಿಲ್ಲೂ ಬರುವುದು ಒಂದೇ ಮನೆಗೆ.

ಬ್ಯಾಟರಿ: ಒಂದು ಅಂಕಿಯ ಒಳಗೆ

ಬ್ಯಾಟರಿಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ ಸರಣಿಯ ಅಲ್ಟ್ರಾ ಫೋನ್‌ಗಳಲ್ಲಿ 2020ರಲ್ಲಿ ಇದ್ದದ್ದು 5000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ. 2025ರಲ್ಲೂ ಅಷ್ಟೇ. ಅದೇ ಅವಧಿಯಲ್ಲಿ ಚೀನಾದ ಕಂಪನಿಗಳು 6000 ದಾಟಿ 7000ಕ್ಕೆ ಬಂದವು. ವನ್‌ಪ್ಲಸ್ 15ರಲ್ಲಿ 7300 ಎಂಎಎಚ್ ಇದೆ. ಒಬ್ಬರಿಗೆ ಆಗುವುದು ಇನ್ನೊಬ್ಬರಿಗೆ ಯಾಕೆ ಆಗುವುದಿಲ್ಲ ಎಂದು ಜನ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಒಂದು ಕಾರಣ ಸಾಗಣೆಯ ನಿಯಮ. ಲೀಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತುವ ಅಪಾಯ ಇರುವುದರಿಂದ ಅವುಗಳ ಸಾಗಣೆಗೆ ಅಂತರರಾಷ್ಟ್ರೀಯ ಕಟ್ಟುಪಾಡುಗಳಿವೆ. ಬ್ಯಾಟರಿಯೊಳಗಿನ ಒಂದು ಸೆಲ್ 20 ವ್ಯಾಟ್-ಅವರ್ (ಅದು ಹಿಡಿದಿಡುವ ಶಕ್ತಿಯ ಅಳತೆ) ಒಳಗಿದ್ದರೆ ನಿಯಮ ಸಡಿಲ, ಮೀರಿದರೆ ಬಿಗಿ, ಖರ್ಚೂ ಜಾಸ್ತಿ. ಫೋನ್ ಬ್ಯಾಟರಿಯ ವೋಲ್ಟೇಜ್ ಸುಮಾರು 3.85. ಅದನ್ನು 5000 ಎಂಎಎಚ್‌ಗೆ, ಅಂದರೆ 5 ಆಂಪಿಯರ್-ಅವರ್‌ಗೆ, ಗುಣಿಸಿದರೆ 19.25 ವ್ಯಾಟ್-ಅವರ್. 5200ಕ್ಕೆ ಗುಣಿಸಿದರೆ 20 ದಾಟುತ್ತದೆ. 5000ದ ಅಂಕಿ ಇಷ್ಟು ವರ್ಷ ಅಲ್ಲೇ ಕೂತಿದ್ದಕ್ಕೆ ಈ ಸಣ್ಣ ಗುಣಾಕಾರವೂ ಒಂದು ಕಾರಣ. ಎರಡು ಸೆಲ್ ಜೋಡಿಸಿ ಈ ಗಡಿ ದಾಟುವವರು ಇದ್ದಾರೆ, ಆದರೆ ಎರಡು ಸೆಲ್ ಎಂದರೆ ಜಾಗವೂ ಖರ್ಚೂ ಜಾಸ್ತಿ.

ಇನ್ನೊಂದು ಕಾರಣ ರಸಾಯನದ್ದು. ಚಾರ್ಜ್ ಆಗುವಾಗ ಲೀಥಿಯಂ ಹೋಗಿ ಸೇರಿಕೊಳ್ಳುವ ತಟ್ಟೆ ಇಷ್ಟು ವರ್ಷ ಗ್ರಾಫೈಟ್‌ನದಾಗಿತ್ತು. ಅದೇ ತೂಕದ ಸಿಲಿಕಾನ್ ಸುಮಾರು ಹತ್ತು ಪಟ್ಟು ಲೀಥಿಯಂ ಹಿಡಿದಿಟ್ಟುಕೊಳ್ಳಬಲ್ಲದು. ಆದರೆ ಗ್ರಾಫೈಟ್ ಲೀಥಿಯಂ ಕುಡಿದಾಗ ಉಬ್ಬುವುದು ಶೇ 10ರಷ್ಟು, ಸಿಲಿಕಾನ್ ಉಬ್ಬುವುದು ಶೇ 300ರವರೆಗೆ. ಪ್ರತಿ ಚಾರ್ಜಿಗೂ ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಹೀಗೆ ನೂರಾರು ಸಲ ಆದರೆ ಕಣಗಳು ಬಿರುಕು ಬಿಡುತ್ತವೆ. ಬಿರುಕಿನಲ್ಲಿ ಹೊಸ ಪದರ ಕಟ್ಟಿಕೊಳ್ಳುತ್ತದೆ, ಆ ಪದರ ಒಂದಿಷ್ಟು ಲೀಥಿಯಂ ನುಂಗಿಬಿಡುತ್ತದೆ. ನುಂಗಿದ್ದು ಮತ್ತೆ ವಾಪಸ್ ಬರುವುದಿಲ್ಲ. ಬ್ಯಾಟರಿಯ ಸಾಮರ್ಥ್ಯ ಅಷ್ಟು ಕಡಿಮೆಯಾಯಿತು ಎಂದೇ ಲೆಕ್ಕ. ಇದನ್ನು ತಡೆಯಲು ಸಿಲಿಕಾನನ್ನು ಇಂಗಾಲದ ಗೂಡಿನೊಳಗೆ ಇಟ್ಟು, ಉಬ್ಬಲು ಜಾಗ ಬಿಟ್ಟು, ಗ್ರಾಫೈಟ್ ಜೊತೆ ಬೆರೆಸುತ್ತಾರೆ. ಅದೇ ಈಗ ಎಲ್ಲರ ಬಾಯಲ್ಲಿರುವ ಸಿಲಿಕಾನ್-ಕಾರ್ಬನ್ ಬ್ಯಾಟರಿ. 2023ರಲ್ಲಿ ಹಾನರ್ ಕಂಪನಿ ಇದನ್ನು ಫೋನಿಗೆ ತಂದಿತು.

ನಿಧಾನಿಸುತ್ತಿರುವ ಕಂಪನಿಗಳಿಗೆ ಇದು ಎಷ್ಟು ವರ್ಷ ಬಾಳುತ್ತದೆ ಎಂಬುದು ಖಚಿತವಾಗಬೇಕು. ಮುನ್ನುಗ್ಗಿರುವ ಕಂಪನಿಗಳು ಪರೀಕ್ಷೆ ಮಾಡಿಯೇ ತಂದಿದ್ದೇವೆ ಎನ್ನುತ್ತವೆ. 7000 ಎಂಬ ಅಂಕಿ ಮೊದಲ ದಿನವೇ ಕಾಣುತ್ತದೆ, ಅದು ಎಷ್ಟು ಬೇಗ ಕರಗುತ್ತದೆ ಎಂಬುದು ಕಾಣುವುದಿಲ್ಲ. ಆದ್ದರಿಂದ ಎಂಎಎಚ್ ಜೊತೆಗೆ ಇನ್ನೊಂದು ಅಂಕಿಯನ್ನೂ ಕೇಳಬೇಕು: ಎಷ್ಟು ಸಲ ಪೂರ್ತಿ ಚಾರ್ಜ್ ಮಾಡಿದ ಮೇಲೂ ಶೇ 80 ಉಳಿಯುತ್ತದೆ? ಐಫೋನ್ 14ರವರೆಗಿನ ಮಾಡೆಲ್‌ಗಳಿಗೆ ಆಪಲ್ ಹೇಳುವ ಅಂಕಿ 500, 15ರಿಂದ ಈಚೆಗಿನವಕ್ಕೆ 1000. ಕೊಳ್ಳುವವರಿಗೆ ಇದು ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ದೊಡ್ಡ ವಿಷಯ.

ಹಳೆಯ ಬ್ಯಾಟರಿ ಬರೀ ಬೇಗ ಮುಗಿಯುವುದಲ್ಲ, ಫೋನನ್ನೂ ಎಳೆಯುತ್ತದೆ. ವಯಸ್ಸಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ಪ್ರೊಸೆಸರ್ ಒಮ್ಮೆಲೇ ಜಾಸ್ತಿ ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ. ಶೇ 30 ಚಾರ್ಜ್ ತೋರಿಸುತ್ತಿದ್ದ ಫೋನ್ ತಟ್ಟನೆ ಆಫ್ ಆಗುತ್ತದೆ. ಇದನ್ನು ತಪ್ಪಿಸಲು ಆಪಲ್ ಹಳೆಯ ಬ್ಯಾಟರಿಯ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿತ್ತು. 2017ರ ಡಿಸೆಂಬರ್‌ನಲ್ಲಿ ವಿಷಯ ಬಯಲಾದಾಗ ದೊಡ್ಡ ಗಲಾಟೆಯಾಯಿತು. ಕಂಪನಿ ಕ್ಷಮೆ ಕೇಳಿತು, ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. ವೇಗ ತಗ್ಗಿಸಿದ್ದಕ್ಕೆ ತಾಂತ್ರಿಕ ಕಾರಣ ಇತ್ತು. ಹೇಳದೆ ಮಾಡಿದ್ದು ತಪ್ಪು. ಬ್ಯಾಟರಿ ಬದಲಿಸಿದರೆ ಸಾಕಿತ್ತು ಎಂಬುದು ಗೊತ್ತಿಲ್ಲದೆ ಎಷ್ಟೋ ಜನ ಫೋನನ್ನೇ ಬದಲಿಸಿದ್ದರು.

ಅಂಟಿನ ಕಥೆ

ಬ್ಯಾಟರಿ ಹಳತಾದರೆ ಹೊಸದು ಹಾಕಿದರಾಯಿತು. ಆದರೆ ಅಲ್ಲೇ ತೊಡಕು. ಈಗಿನ ಫೋನ್ ಬಿಚ್ಚುವ ರೀತಿಯನ್ನು ನೋಡಿ. ಮೊದಲು ಹಿಂಬದಿಯ ಗಾಜನ್ನು ಬಿಸಿ ಮಾಡಬೇಕು, ಅಂಟು ಮೆತ್ತಗಾಗುವವರೆಗೆ. ರಬ್ಬರ್ ಬಟ್ಟಲು ಅಂಟಿಸಿ ಎಳೆದು, ಬಿಟ್ಟ ಕೂದಲೆಳೆಯಷ್ಟು ಸಂದಿಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಚೂರು ತೂರಿಸಿ, ಸುತ್ತಲೂ ಎಳೆದುಕೊಂಡು ಬರಬೇಕು. ಸ್ವಲ್ಪ ಜೋರಾದರೆ ಗಾಜು ಸೀಳುತ್ತದೆ. ಒಳಗೆ ಬ್ಯಾಟರಿಯ ಕೆಳಗೂ ಅಂಟಿನ ಪಟ್ಟಿ. ಅದನ್ನು ತುದಿ ಹಿಡಿದು ನಿಧಾನ ಎಳೆಯಬೇಕು. ಅರ್ಧದಲ್ಲಿ ತುಂಡಾದರೆ ಬ್ಯಾಟರಿಯನ್ನೇ ಮೀಟಿ ಎಬ್ಬಿಸಬೇಕು. ಮೀಟುವಾಗ ಬ್ಯಾಟರಿ ಬಾಗಿದರೆ ಹೊಗೆ, ಬೆಂಕಿ. ಇದು ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ.

ಕಂಪನಿಗಳ ಉತ್ತರ ಇದು: ಅಂಟು ಇರುವುದರಿಂದಲೇ ನೀರು ಒಳಗೆ ಹೋಗುವುದಿಲ್ಲ, ಫೋನ್ ತೆಳುವಾಗಿರುತ್ತದೆ, ಬಿದ್ದರೂ ಗಟ್ಟಿಯಾಗಿರುತ್ತದೆ. ನೀರಿನಿಂದ ಕೆಡುವ ಫೋನ್‌ಗಳು ಕಡಿಮೆಯಾಗಿರುವುದು ನಿಜವೇ. ರಿಪೇರಿ ಹಕ್ಕಿನ ಪರ ಇರುವವರು ಇದಕ್ಕೆ ಹಳೆಯ ಉದಾಹರಣೆ ತೋರಿಸುತ್ತಾರೆ. 2014ರ ಗ್ಯಾಲಕ್ಸಿ ಎಸ್5ರಲ್ಲಿ ಬೆನ್ನಿನ ಮುಚ್ಚಳ ಉಗುರಿನಿಂದ ತೆಗೆದು ಬ್ಯಾಟರಿ ಬದಲಿಸಬಹುದಿತ್ತು, ನೀರು ತಡೆಯುವ ಐಪಿ67 ದರ್ಜೆಯೂ ಇತ್ತು. ಸ್ಯಾಮ್‌ಸಂಗ್‌ನದೇ 2022ರ ಎಕ್ಸ್‌ಕವರ್6 ಪ್ರೊದಲ್ಲಿ ಬಿಚ್ಚುವ ಬ್ಯಾಟರಿ, ಐಪಿ68, ಜೊತೆಗೆ ಇಯರ್‌ಫೋನ್ ಜಾಕ್. ಎರಡೂ ಒಂದೇ ಫೋನಿನಲ್ಲಿ ಸಾಧ್ಯ ಎಂದು ಇವು ತೋರಿಸಿವೆ. ಬೆಲೆ ತೆತ್ತದ್ದು ದಪ್ಪದಲ್ಲಿ: ಎಕ್ಸ್‌ಕವರ್ ಸುಮಾರು 10 ಮಿಲಿಮೀಟರ್ ದಪ್ಪ.

ನಡುದಾರಿಯೂ ಇದೆ. 2024ರ ಐಫೋನ್ 16ರಲ್ಲಿ ಬ್ಯಾಟರಿ ಹಿಡಿದಿಡುವ ಅಂಟು ಹೊಸ ಬಗೆಯದು. ಒಂದು ಸಾಮಾನ್ಯ 9 ವೋಲ್ಟ್ ಬ್ಯಾಟರಿಯ ಎರಡು ತಂತಿ ಮುಟ್ಟಿಸಿ ಒಂದೂವರೆ ನಿಮಿಷ ಕಾದರೆ ಅದು ತಾನಾಗಿ ಬಿಡುತ್ತದೆ. ಮೀಟುವುದಿಲ್ಲ, ಬಗ್ಗಿಸುವುದಿಲ್ಲ. ಮನಸ್ಸು ಮಾಡಿದರೆ ಎಂಜಿನಿಯರ್‌ಗಳಿಗೆ ದಾರಿ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಜಾಕ್ ಹೋಯಿತು, ಚಿಕ್ಕ ಫೋನೂ ಹೋಯಿತು

ಐಫೋನ್ 7ರಿಂದ ಇಯರ್‌ಫೋನ್ ಜಾಕ್ ಹೋದದ್ದು 2016ರ ಸೆಪ್ಟೆಂಬರ್‌ನಲ್ಲಿ. ಆ ದಿನವೇ ಏರ್‌ಪಾಡ್ಸ್ ಕೂಡ ಘೋಷಣೆಯಾಯಿತು. ಮೆಮೊರಿ ಕಾರ್ಡಿನ ಜಾಗವನ್ನು ಗ್ಯಾಲಕ್ಸಿ ಎಸ್21 ತೆಗೆದದ್ದು 2021ರಲ್ಲಿ. ಎರಡರಲ್ಲೂ ಹೊಸ ಖರ್ಚು ಹುಟ್ಟಿತು: ಒಂದರಲ್ಲಿ ವೈರ್‌ಲೆಸ್ ಇಯರ್‌ಬಡ್‌ಗೆ, ಇನ್ನೊಂದರಲ್ಲಿ ಜಾಸ್ತಿ ಸ್ಟೋರೇಜ್‌ನ ಮಾಡೆಲ್ ಅಥವಾ ಕ್ಲೌಡ್ ಬಾಡಿಗೆಗೆ. ಇಯರ್‌ಬಡ್‌ನ ಹೊಟ್ಟೆಯಲ್ಲಿ ಪುಟ್ಟ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಅದನ್ನು ಬದಲಿಸಲು ಬರುವುದಿಲ್ಲ. ತಂತಿಯ ಇಯರ್‌ಫೋನಿಗೆ ಬ್ಯಾಟರಿಯೇ ಇಲ್ಲ, ವಯಸ್ಸಾಗಿ ಸಾಯುವುದೂ ಇಲ್ಲ. ಸೋನಿಯ ಎಕ್ಸ್‌ಪೀರಿಯಾದಲ್ಲಿ ಜಾಕ್, ಕಾರ್ಡ್ ಎರಡೂ ಇನ್ನೂ ಇವೆ, ಆದರೆ ಕೊಳ್ಳುವವರು ತೀರಾ ಕಡಿಮೆ. ಕಂಪನಿಗಳು ಇದನ್ನೇ ಬೊಟ್ಟುಮಾಡಿ ತೋರಿಸುತ್ತವೆ.

ಚಿಕ್ಕ ಫೋನಿನದೂ ಅದೇ ಪಾಡು. ಕೇಳಿದವರು ಬಹಳ ಜನ. ಆಪಲ್ 2020ರಲ್ಲಿ ಐಫೋನ್ 12 ಮಿನಿ, 2021ರಲ್ಲಿ 13 ಮಿನಿ ತಂದಿತು, 2022ರಲ್ಲಿ ಹೊಸ ಮಿನಿ ತರಲಿಲ್ಲ. ಕೇಳಿದವರು ಕೊಳ್ಳಲಿಲ್ಲ ಎಂದು ಸುಮ್ನೆ ತೀರ್ಪು ಕೊಡುವುದು ಅನ್ಯಾಯ. 12 ಮಿನಿಯ ಬ್ಯಾಟರಿ 2227 ಎಂಎಎಚ್ ಮಾತ್ರ. ಚಿಕ್ಕ ಗಾತ್ರ ಬೇಕೆಂದವರು ಬ್ಯಾಟರಿಯೂ ಬೇಕೆಂದಿದ್ದರು. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ.

ತೆಳು ಫೋನ್‌ಗಳಿಗೂ 2025ರಲ್ಲಿ ಇದೇ ಆಯಿತು. 5.6 ಮಿಲಿಮೀಟರ್‌ನ ಐಫೋನ್ ಏರ್‌ನಲ್ಲಿ 3149 ಎಂಎಎಚ್, 5.8 ಮಿಲಿಮೀಟರ್‌ನ ಗ್ಯಾಲಕ್ಸಿ ಎಸ್25 ಎಡ್ಜ್‌ನಲ್ಲಿ 3900. ಎರಡರ ಮಾರಾಟವೂ ನಿರೀಕ್ಷೆಯಷ್ಟು ಆಗಲಿಲ್ಲ ಎಂದು ವರದಿಯಾಯಿತು. ಮೊದಲ ದಿನದ ಸೊಗಸು ಮಾತ್ರ ನೋಡಿ ಜನ ಯಾವಾಗಲೂ ಮಾರುಹೋಗುತ್ತಾರೆ ಎಂಬ ಲೆಕ್ಕ ಇಲ್ಲಿ ತಪ್ಪಿತು.

ಯಾವ ದೂರಿಗೆ ಉತ್ತರ ಸಿಕ್ಕಿತು

ಸಾಫ್ಟ್‌ವೇರ್ ಅಪ್‌ಡೇಟ್ ಬೇಗ ನಿಂತುಹೋಗುತ್ತದೆ ಎಂಬುದು ಆಂಡ್ರಾಯ್ಡ್ ಬಳಸುವವರ ಬಹಳ ವರ್ಷದ ಗೋಳು. ಗೂಗಲ್‌ನ 2016ರ ಮೊದಲ ಪಿಕ್ಸೆಲ್ ಫೋನಿಗೆ ಹೊಸ ಆಂಡ್ರಾಯ್ಡ್ ಆವೃತ್ತಿಯ ಭರವಸೆ ಇದ್ದದ್ದು 2 ವರ್ಷಕ್ಕೆ. 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್ 7 ವರ್ಷ ಎಂದಿತು. ಮೂರು ತಿಂಗಳಲ್ಲಿ ಸ್ಯಾಮ್‌ಸಂಗ್ ಕೂಡ ಎಸ್24ಕ್ಕೆ 7 ವರ್ಷ ಎಂದಿತು. ಚಾರ್ಜರ್‌ಗಳ ಗೋಜಲಿಗೆ ಉತ್ತರ ಬಂದದ್ದು ಕಾನೂನಿನಿಂದ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆ ಯುಎಸ್‌ಬಿ-ಸಿ ಕಡ್ಡಾಯವಾಯಿತು. ಅದಕ್ಕೆ ಮೊದಲೇ, 2023ರಲ್ಲಿ, ಐಫೋನ್ 15 ಯುಎಸ್‌ಬಿ-ಸಿಗೆ ಬಂತು, ಜಗತ್ತಿಗೆಲ್ಲ ಒಂದೇ ಸಲ. ಒಂದು ಕಡೆಯ ಕಾನೂನು ಎಲ್ಲ ಕಡೆಯ ಫೋನನ್ನು ಬದಲಿಸಿತು, ಏಕೆಂದರೆ ಒಂದೊಂದು ಊರಿಗೆ ಒಂದೊಂದು ಫೋನ್ ತಯಾರಿಸುವುದು ಯಾರಿಗೂ ಗಿಟ್ಟುವುದಿಲ್ಲ.

ಅಪ್‌ಡೇಟಿನ ಗೆಲುವನ್ನು ಗಮನಿಸಿ. ಅದು ಏಳನೇ ವರ್ಷದ ವಿಷಯ, ಆದರೂ ಗೆದ್ದಿತು. "7 ವರ್ಷ" ಎಂಬ ಅಂಕಿಯನ್ನು ಬಿಡುಗಡೆಯ ವೇದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಲು ಬಂತು. ಪಕ್ಕದ ಕಂಪನಿಗೆ ಅದನ್ನು ಸರಿಗಟ್ಟಲೇಬೇಕಾಯಿತು. ಮೂರನೇ ವರ್ಷದ ನೋವನ್ನು ಮೊದಲ ದಿನವೇ ಕಾಣುವ ಅಂಕಿಯಾಗಿ ಬದಲಿಸಿದಾಗ ಮಾರುಕಟ್ಟೆ ಕೆಲಸ ಮಾಡುತ್ತದೆ. ರಿಪೇರಿಗೆ, ಬ್ಯಾಟರಿಯ ಬಾಳಿಕೆಗೆ ಇಷ್ಟು ವರ್ಷ ಅಂಥ ಅಂಕಿ ಇರಲಿಲ್ಲ.

ಯುರೋಪಿನ ನಿಯಮ ನಿಜಕ್ಕೂ ಹೇಳುವುದೇನು

2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುಕಟ್ಟೆಗೆ ಬರುವ ಫೋನ್, ಟ್ಯಾಬ್ಲೆಟ್‌ಗಳಿಗೆ ಹೊಸ ನಿಯಮ ಇದೆ. ಬ್ಯಾಟರಿ ಕನಿಷ್ಠ 800 ಚಾರ್ಜ್‌ಗಳ ನಂತರವೂ ಶೇ 80 ಸಾಮರ್ಥ್ಯ ಉಳಿಸಿಕೊಂಡಿರಬೇಕು. ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಬಿಡಿಭಾಗ ಸಿಗಬೇಕು. ಪೆಟ್ಟಿಗೆಯ ಜೊತೆ ಒಂದು ಚೀಟಿ ಇರಬೇಕು. ಅದರಲ್ಲಿ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಎಷ್ಟು ಚಾರ್ಜ್ ಬಾಳುತ್ತದೆ, ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ ಎಂಬುದೆಲ್ಲ ಅಕ್ಷರ, ಅಂಕಿಗಳಲ್ಲಿ ಇರುತ್ತದೆ. ರಿಪೇರಿಗೆ ಎ ಯಿಂದ ಇ ವರೆಗೆ ದರ್ಜೆ.

ಬಿಚ್ಚುವ ಬ್ಯಾಟರಿಯ ಸುದ್ದಿ ಬಂದದ್ದು ಇನ್ನೊಂದು ಕಾನೂನಿನಿಂದ. 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಸಾಮಾನ್ಯ ಸಲಕರಣೆಯಿಂದ ತೆಗೆದು ಹಾಕುವಂತಿರಬೇಕು ಎಂದು ಅದು ಹೇಳುತ್ತದೆ. "ಎಲ್ಲ ಫೋನಿಗೂ ಉಗುರಿನಿಂದ ತೆಗೆಯುವ ಮುಚ್ಚಳ ಬರುತ್ತದೆ" ಎಂದು ಇದನ್ನು ಓದಿಕೊಂಡರೆ ನಿರಾಶೆಯೇ ಗತಿ. ಸ್ಕ್ರೂ ಬಿಚ್ಚಿ ತೆಗೆಯುವಂತಿದ್ದರೂ ನಿಯಮ ಪಾಲಿಸಿದಂತೆಯೇ. ಜೂನ್ 2025ರ ಫೋನ್ ನಿಯಮದಲ್ಲಿ ಒಂದು ವಿನಾಯಿತಿಯೂ ಇದೆ: 500 ಚಾರ್ಜ್‌ಗಳ ನಂತರ ಶೇ 83, 1000ದ ನಂತರ ಶೇ 80 ಉಳಿಯುವ ಬ್ಯಾಟರಿ ಇದ್ದು, ಫೋನ್ ಧೂಳು ಮತ್ತು ನೀರನ್ನು ತಡೆಯುವಂತಿದ್ದರೆ, ಬ್ಯಾಟರಿ ಬದಲಿಸುವ ಕೆಲಸವನ್ನು ರಿಪೇರಿ ಮಾಡುವವರಿಗೇ ಬಿಡಬಹುದು. ದುಬಾರಿ ಫೋನ್‌ಗಳಲ್ಲಿ ಹಲವು ಈ ಬಾಗಿಲಿನಿಂದಲೇ ಹೊರಗೆ ಹೋಗುವ ಸಾಧ್ಯತೆ ಹೆಚ್ಚು.

ಇದು ಮೋಸವೇ? ಹಾಗೆ ಅನ್ನುವುದು ಕಷ್ಟ. 1000 ಚಾರ್ಜ್ ಬಾಳುವ ಬ್ಯಾಟರಿಯೂ ಜನರಿಗೆ ಲಾಭವೇ. ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ಅದು ಎರಡೂಮುಕ್ಕಾಲು ವರ್ಷ. ಆದರೆ ಬದಲಿಸುವ ಸ್ವಾತಂತ್ರ್ಯ ಬೇರೆ, ಬಾಳಿಕೆ ಬೇರೆ. ಒಂದನ್ನು ಕೊಟ್ಟು ಇನ್ನೊಂದರಿಂದ ಜಾರಿಕೊಳ್ಳಲು ನಿಯಮ ಎಡೆ ಮಾಡಿಕೊಟ್ಟಿದೆ. ಕಂಪನಿಗಳಿಗೂ ಅವುಗಳದೇ ತಕರಾರಿದೆ. ಚೀಟಿಯ ಕೆಲವು ಪರೀಕ್ಷೆಗಳ ವಿಧಾನ ಸ್ಪಷ್ಟವಾಗಿಲ್ಲ ಎಂದು ಹೇಳಿ ಆಪಲ್ ತನ್ನ ಫೋನ್‌ಗಳ ವಿದ್ಯುತ್ ದಕ್ಷತೆಯ ದರ್ಜೆಯನ್ನು ಎ ಯಿಂದ ಬಿ ಗೆ ತಾನೇ ಇಳಿಸಿಕೊಂಡಿತು.

ಆದರೂ ಈ ಇಡೀ ನಿಯಮಗಳ ಗುಂಪಿನಲ್ಲಿ ಹೆಚ್ಚು ಕೆಲಸ ಮಾಡುವುದು ಆ ಪುಟ್ಟ ಚೀಟಿ. ಮೂರನೇ ವರ್ಷದಲ್ಲಿ ಏನಾಗುತ್ತದೆ ಎಂಬುದನ್ನು ಅದು ಮೊದಲ ದಿನವೇ ಕೈಗೆ ಕೊಡುತ್ತದೆ.

ಮುಂದೆ ಏನಾಗಬಹುದು

ಎರಡು ಸುದ್ದಿಗಳೂ ಇಲ್ಲಿ ಬಂದು ಸೇರುತ್ತವೆ. ರ‍್ಯಾಮ್ ದುಬಾರಿಯಾದರೆ ಹೊಸ ಫೋನ್ ದುಬಾರಿ. ಹೊಸದು ದುಬಾರಿಯಾದರೆ ಜನ ಹಳೆಯದನ್ನೇ ಇನ್ನೊಂದು ವರ್ಷ ಎಳೆಯುತ್ತಾರೆ, ಇಲ್ಲವೇ ಬಳಸಿದ ಫೋನ್ ಕೊಳ್ಳುತ್ತಾರೆ. ಎಳೆಯಬೇಕೆಂದರೆ ಬ್ಯಾಟರಿ ಬದಲಿಸಬೇಕು. ರಿಪೇರಿ ಎಷ್ಟು ಸುಲಭ ಎಂಬ ಪ್ರಶ್ನೆ ಆಗ ಕೆಲವರ ಹಟವಾಗಿ ಉಳಿಯದೆ ಎಲ್ಲರ ಮನೆಯ ಲೆಕ್ಕಕ್ಕೆ ಬರುತ್ತದೆ. ಬಳಸಿದ ಬಿಡಿಭಾಗ ಹಾಕಿದರೆ ಫೋನ್ ತಕರಾರು ತೆಗೆಯುತ್ತಿದ್ದ ಕಾಲವೂ ನಿಧಾನವಾಗಿ ಸಡಿಲವಾಗುತ್ತಿದೆ. ಬಳಸಿದ ಅಸಲಿ ಭಾಗಗಳಿಗೆ ಅವಕಾಶ ಕೊಡುವುದಾಗಿ ಆಪಲ್ 2024ರಲ್ಲಿ ಹೇಳಿತು.

ಫೋನನ್ನೇ ಮರೆಸುವ ಹೊಸ ಸಾಧನಗಳ ಆಸೆಯೂ ಒಂದಿದೆ. ಐಫೋನ್ ವಿನ್ಯಾಸದಲ್ಲಿದ್ದ ಜಾನಿ ಐವ್ ಅವರ ಕಂಪನಿಯನ್ನು ಓಪನ್‌ಎಐ 2025ರ ಮೇನಲ್ಲಿ ಸುಮಾರು 650 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಕನ್ನಡಕ, ಉಂಗುರ, ಬ್ಯಾಡ್ಜ್ ಎಂದು ಬೇರೆಯವರೂ ಸಾಲಿನಲ್ಲಿದ್ದಾರೆ. ಇವುಗಳ ಬಗ್ಗೆ ಕೇಳಬೇಕಾದದ್ದನ್ನು ಹ್ಯೂಮೇನ್ ಕಂಪನಿಯ ಎಐ ಪಿನ್ ಆಗಲೇ ತೋರಿಸಿಕೊಟ್ಟಿದೆ. ಅಂಗಿಗೆ ಸಿಕ್ಕಿಸಿಕೊಳ್ಳುವ ಆ ಸಾಧನ ಕೊಳ್ಳುವವರ ಕೈಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಬೆಲೆ 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್ ಚಂದಾ. 2025ರ ಫೆಬ್ರವರಿಯಲ್ಲಿ ಕಂಪನಿಯ ಆಸ್ತಿಯನ್ನು ಎಚ್‌ಪಿ ಕೊಂಡಿತು, ಫೆಬ್ರವರಿ 28ಕ್ಕೆ ಸರ್ವರ್‌ಗಳು ನಿಂತವು. ಆ ದಿನ ಪಿನ್‌ನೊಳಗೆ ಹೊಸದಾಗಿ ಮುರಿದದ್ದು ಏನೂ ಇರಲಿಲ್ಲ. ಆದರೆ ಅದರ ಮುಖ್ಯ ಕೆಲಸವೆಲ್ಲ ದೂರದ ಸರ್ವರ್‌ನಲ್ಲಿ ನಡೆಯುತ್ತಿತ್ತು. ದುಡ್ಡು ವಾಪಸ್ ಸಿಕ್ಕಿದ್ದು ಕೊನೆಯ ಸುಮಾರು ಮೂರು ತಿಂಗಳಲ್ಲಿ ಕೊಂಡವರಿಗೆ ಮಾತ್ರ. ಮೊದಲು ನಂಬಿ ಮೊದಲು ಕೊಂಡವರಿಗೆ ಏನೂ ಸಿಗಲಿಲ್ಲ.

ಯುರೋಪಿನ ಚೀಟಿಯಲ್ಲಿ ಬ್ಯಾಟರಿಗೆ ಅಂಕಿ ಇದೆ, ರಿಪೇರಿಗೆ ದರ್ಜೆ ಇದೆ. ಸರ್ವರ್ ಎಷ್ಟು ವರ್ಷ ಓಡುತ್ತದೆ ಎಂಬುದಕ್ಕೆ ಅದರಲ್ಲಿ ಇನ್ನೂ ಜಾಗ ಇಲ್ಲ.